ಅಂಕೆಗೆ ಸಿಕ್ಕದ ಮಗುವೂ ಅದರ ತಂದೆತಾಯಿಗಳೂ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಳ್ಳಿಗಳಲ್ಲಿ ಮಳೆ, ಬೆಳೆ, ಸಾಲ ಇವುಗಳ ಕಷ್ಟವನ್ನು ಜನರು ಒಬ್ಬರಿಗೊಬ್ಬರು ಬಿಚ್ಚಿ ಹೇಳಿಕೊಳ್ಳುವರು. ಆದರೆ ಮನೆಯೊಳಗೆ ಬಚ್ಚಿಡುವ ಕಷ್ಟವೊಂದುಂಟು. ಹೇಗಂದರೆ, ಎಂಟು ಹತ್ತು ವರುಷದ ಮಗುವು ತಾಯಿಗೆ ಹೊಡೆಯುತ್ತದೆ, ತಂಗಿಯನ್ನು ಕಚ್ಚುತ್ತದೆ, ಪಾತ್ರೆಪಡಗಗಳನ್ನು ಎಸೆಯುತ್ತದೆ, ಶಾಲೆಯಿಂದ ದಿನವೂ ದೂರು ತರುತ್ತದೆ. ತಂದೆತಾಯಿಗಳು ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳುವರು. ಪ್ರಿಯ ವಾಚಕರೇ, ಇಂಥ ಮನೆಗಳ ವಿಷಯವಾಗಿ ನಾವು ಈ ಪಾಠದಲ್ಲಿ ಆಲೋಚಿಸೋಣ.

1. ಇದು ತುಂಟತನವೋ, ವ್ಯಾಧಿಯೋ?

ಹಟ ಮಾಡದ ಮಗುವಿಲ್ಲ. ಆದರೆ ಓರಗೆಯ ಮಕ್ಕಳಿಗಿಂತ ಬಹಳ ಹೆಚ್ಚಾಗಿ ಎದುರುಬೀಳುವದು, ಕೆರಳುವದು ಆರು ತಿಂಗಳು ಮೀರಿ ನಡೆದರೆ ವೈದ್ಯರು ಅದನ್ನು ವ್ಯಾಧಿಯೆಂದು ಪರೀಕ್ಷಿಸುವರು. ಜನರನ್ನೂ ಪ್ರಾಣಿಗಳನ್ನೂ ಹಿಂಸಿಸುವದು, ಕದಿಯುವದು, ಬೆಂಕಿಯಿಡುವದು ವರುಷವಿಡೀ ನಡೆದರೆ ಅದು ಇನ್ನೂ ಕಠಿಣವಾದದ್ದು. ನೆರೆಯವರಲ್ಲಿ ಕೆಲವರು, ಗಾಳಿ ಸೋಕಿದೆ, ಎನ್ನುವರು. ಕೆಲವರು, ತಾಯಿ ಸಾಕಿದ್ದು ಸರಿಯಿಲ್ಲ, ಎನ್ನುವರು. ಎರಡು ಮಾತೂ ನಿಜವಲ್ಲ. ಹುಟ್ಟಿನಿಂದ ಬಂದ ಸ್ವಭಾವ, ಮಿದುಳಿನ ಬೆಳವಣಿಗೆ, ಮನೆಯ ಕುಡಿತ ಜಗಳಗಳು, ಕೂಲಿಗಾಗಿ ಕೇರಳಕ್ಕೆ ಹೋದ ತಂದೆತಾಯಿಗಳ ಅಗಲಿಕೆ, ಇಂಥ ಹಲವು ಕಾರಣಗಳು ಇದರಲ್ಲಿ ಕೂಡಿಕೊಳ್ಳಬಹುದು.

2. ಮೊದಲು ಪರೀಕ್ಷೆ ಮಾಡಿಸತಕ್ಕದ್ದು

ಕಿವಿ ಮಂದವಾದ ಮಗು ಕರೆದರೆ ಬಾರದು. ಮೊಂಡನೆಂದು ಏಟು ತಿನ್ನುವದು. ಮಾತು ಬಾರದ ಮಗು ತನ್ನ ನೋವನ್ನು ಕೂಗಾಟದಿಂದಲೇ ತಿಳಿಸುವದು. ಆದಕಾರಣ ಶಿಕ್ಷೆಗೆ ಮುಂಚೆ ಪರೀಕ್ಷೆಯಾಗಬೇಕು. 1965ರಲ್ಲಿ ಆರಂಭವಾಗಿ ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನೂ ಮಾತನ್ನೂ ಪರೀಕ್ಷಿಸುವರು. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರು. ಮೂರ್ಛೆರೋಗ, ಬುದ್ಧಿಯ ಬೆಳವಣಿಗೆಯಲ್ಲಿ ಕುಂದು, ಆಟಿಸಂ, ಒಂದೆಡೆ ನಿಲ್ಲಲಾರದ ಅತಿಚಂಚಲತೆ ಇವುಗಳೂ ಕೆಟ್ಟ ನಡತೆಯ ವೇಷದಲ್ಲಿ ಕಾಣಿಸಿಕೊಳ್ಳುವದುಂಟು.

3. ಗಂಟು ಬಿಗಿಯುವ ರೀತಿ

ತೆರಕಣಾಂಬಿಯ ಸಂತೆಯಲ್ಲಿ ಹುಡುಗನೊಬ್ಬನು ಮಿಠಾಯಿ ಬೇಡುತ್ತಾನೆಂದು ಇಟ್ಟುಕೊಳ್ಳೋಣ. ತಾಯಿ ಬೇಡವೆನ್ನುವಳು. ಅವನು ನೆಲಕ್ಕೆ ಬಿದ್ದು ಅರಚುವನು, ಅವಳನ್ನು ಒದೆಯುವನು. ಜನರು ನೋಡುವರು. ನಾಚಿಕೆ ತಾಳಲಾರದೆ ಅವಳು ಕೊಡಿಸುವಳು, ಅವನು ಸುಮ್ಮನಾಗುವನು. ಆ ದಿನ ಇಬ್ಬರೂ ಒಂದೊಂದು ಪಾಠ ಕಲಿತರು: ಅರಚಿದರೆ ಸಿಕ್ಕುವದೆಂದು ಮಗನು, ಕೊಟ್ಟರೆ ಶಾಂತಿಯೆಂದು ತಾಯಿ. ಮುಂದಿನ ವಾರ ತಂದೆಯು ಬಾರುಕೋಲು ಎತ್ತಿದರೆ ಮಗನು ಮೂರನೆಯ ಪಾಠ ಕಲಿಯುವನು: ಬಲವುಳ್ಳವನು ಹೊಡೆದು ಗೆಲ್ಲುತ್ತಾನೆ. ಅಮೇರಿಕದ ಜೆರಾಲ್ಡ್ ಪ್ಯಾಟರ್ಸನ್ ಎಂಬ ಪಂಡಿತನು ಅನೇಕ ಕುಟುಂಬಗಳನ್ನು ಅವರವರ ಮನೆಗಳಲ್ಲಿಯೇ ಗಮನಿಸಿ, 1982ರ ತನ್ನ ಗ್ರಂಥದಲ್ಲಿ ಈ ಗಂಟನ್ನು ವಿವರಿಸಿದನು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಎಂದು ಹಿರಿಯರು ಹೇಳುವರು. ಆ ಗಾದೆಯು ಬಗ್ಗಿಸೆಂದು ಹೇಳುತ್ತದೆಯೇ ಹೊರತು ಮುರಿಯೆಂದು ಹೇಳುವದಿಲ್ಲ. ಜ್ಞಾನೋಕ್ತಿಗಳಿಂದ ಬೆತ್ತದ ಮಾತನ್ನೇ ಎತ್ತಿ ತೋರಿಸುವವರು, ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ತಂದೆಗಳಿಗೆ ಕೊಟ್ಟಿರುವ ಎಚ್ಚರಿಕೆಯನ್ನೂ ಓದಲಿ.

4. ಗಂಟು ಬಿಚ್ಚುವ ರೀತಿ

ಇಂಥ ಮಕ್ಕಳಿಗೆ ಮುಖ್ಯವಾದ ಚಿಕಿತ್ಸೆಯು ತಂದೆತಾಯಿಗಳು ಹೊಸ ರೀತಿಯನ್ನು ಕಲಿಯುವದೇ. ತಪ್ಪು ಅವರದೆಂದು ಅಲ್ಲ. ಮಗುವಿನ ಸಂಗಡ ದಿನವೆಲ್ಲಾ ಇರುವವರು ಅವರೇ ಆದದರಿಂದ.

ದಿನಕ್ಕೆ ಹತ್ತು ಹದಿನೈದು ನಿಮಿಷ, ಬೈಗಳಿಲ್ಲದೆ ಬುದ್ಧಿವಾದವಿಲ್ಲದೆ, ಮಗುವಿನ ಆಟದಲ್ಲಿ ಜೊತೆಯಾಗಿರಿ. ಚಿಕ್ಕ ಒಳ್ಳೆಯ ಕೆಲಸವನ್ನು ಕಂಡಾಗ ಆ ಕ್ಷಣವೇ ಹೆಸರಿಟ್ಟು ಹೊಗಳಿರಿ: ತಂಗಿಗೆ ನೀರು ಕೊಟ್ಟೆ, ಒಳ್ಳೇದಾಯಿತು, ಎಂದು. ಅಪ್ಪಣೆ ಕೊಡುವಾಗ ದೂರದಿಂದ ಕೂಗದೆ ಹತ್ತಿರ ಹೋಗಿ ಒಂದೇ ಮಾತು ಹೇಳಿರಿ. ತಪ್ಪಿಗೆ ಚಿಕ್ಕ ದಂಡವಿರಲಿ, ಆದರೆ ಅದು ತಪ್ಪದೆ ನಡೆಯಲಿ. ತಂದೆ ಬೇಡವೆಂದದ್ದನ್ನು ಅಜ್ಜಿ ಸೆರಗಿನಲ್ಲಿ ಮುಚ್ಚಿ ಕೊಡಬಾರದು.

ರೌದ್ರವೇರಿದಾಗ ವಾದಿಸಬೇಡಿರಿ. ಚಿಕ್ಕ ಮಕ್ಕಳನ್ನು ಬೇರೆ ಕಡೆಗೆ ಕಳುಹಿಸಿರಿ. ಮಚ್ಚು, ಕುಡುಗೋಲು, ಬೆಳೆಗೆ ಹೊಡೆಯುವ ಔಷಧಗಳು ಯಾವಾಗಲೂ ಬೀಗದೊಳಗಿರಲಿ. ಮಗು ಶಾಂತವಾದ ಮೇಲೆ ಮಾತಾಡಿರಿ.

ಒಂದು ಸಂಗತಿಯನ್ನು ಮುಂಚಿತವಾಗಿ ತಿಳಿದಿರತಕ್ಕದ್ದು. ಹಟಕ್ಕೆ ಮಣಿಯುವದನ್ನು ನಿಲ್ಲಿಸಿದಾಗ ಮೊದಲ ಕೆಲವು ದಿನ ಹಟವು ಹೆಚ್ಚಾಗಬಹುದು. ಇದು ಫಲಿಸಲಿಲ್ಲವೆಂದು ಅನೇಕರು ಆಗಲೇ ಬಿಟ್ಟುಬಿಡುವರು. ಆ ದಿನಗಳನ್ನು ತಾಳಿದವರಿಗೆ ಗಂಟು ಸಡಿಲವಾಗುವದು ಕಾಣುವದು. ಎಲ್ಲಾ ಮಕ್ಕಳೂ ಪೂರ್ಣವಾಗಿ ಮಾರ್ಪಡುವರೆಂದು ನಾವು ಹೇಳಲಾರೆವು. ಕೆಲವರಿಗೆ ವೈದ್ಯರು ಔಷಧವನ್ನೂ ಕೊಡಬೇಕಾಗುವದು. ಆದರೂ ಏಟುಗಳ ಮನೆಗಿಂತ ಇಂಥ ಮನೆಯಲ್ಲಿ ಎಲ್ಲರಿಗೂ ಹೆಚ್ಚು ನೆಮ್ಮದಿಯುಂಟು.

5. ಸಹಾಯವು ಎಲ್ಲಿ ಸಿಕ್ಕುವದು?

ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಂತೆ, ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತುಮಾಡಿದ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಾಯಿತು. ಈಗ ಬರುವ ದಿನ ಯಾವದೆಂದು ಆಸ್ಪತ್ರೆಯಲ್ಲಿ, ಇಲ್ಲವೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ವಿಭಾಗವುಂಟು. 14416 ಎಂಬ ಟೆಲಿ ಮಾನಸ್ ನಂಬರಿಗೆ ಹಗಲಿರುಳು ಉಚಿತವಾಗಿ ಫೋನು ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಗುವು ಸಾಯುತ್ತೇನೆಂದು ಹೇಳಿದರೆ ಒಂದು ದಿನವೂ ತಡಮಾಡಬಾರದು.

ಕಾನೂನೂ ನಿಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಮೇರೆಗೆ ಶಾಲೆಯಲ್ಲಿ ಮಗುವನ್ನು ಹೊಡೆಯಕೂಡದು; ಎಂಟನೆಯ ತರಗತಿ ಮುಗಿಯುವ ತನಕ ಶಾಲೆಯಿಂದ ಹೊರಗೆ ಹಾಕಲೂ ಕೂಡದು. ಮಾನಸಿಕ ವ್ಯಾಧಿಯುಳ್ಳವರನ್ನು ಸರಪಣಿಯಿಂದ ಕಟ್ಟುವದನ್ನು 2017ರ ಕಾಯಿದೆಯು ನಿಷೇಧಿಸುತ್ತದೆ.

6. ಸಭೆಯವರ ಕರ್ತವ್ಯ

ಆರಾಧನೆಯಲ್ಲಿ ಇಂಥ ಮಗುವು ಕಿರಿಚಿದರೆ ಹಿಂದಿರುಗಿ ದುರುಗುಟ್ಟಿ ನೋಡಬೇಡಿರಿ. ಆ ತಾಯಿ ಮುಂದಿನ ಭಾನುವಾರ ಬಾರಳು. ಪ್ರಾರ್ಥನೆಯನ್ನು ನಿಲ್ಲಿಸೆಂದು ನಾವು ಹೇಳುವದಿಲ್ಲ; ಪ್ರಾರ್ಥಿಸಿದವರೇ ಬಸ್ಸಿನ ಖರ್ಚು ಕೊಟ್ಟು, ಸಂಗಡ ಆಸ್ಪತ್ರೆಗೂ ಹೋಗಲಿ. ವಾರಕ್ಕೊಂದು ಸಾಯಂಕಾಲ ಉಳಿದ ಮಕ್ಕಳನ್ನು ನೋಡಿಕೊಂಡರೂ ಸಾಕು, ಬಳಲಿದ ತಾಯಿಗೆ ಅದು ದೊಡ್ಡ ಉಪಕಾರ.

ಪ್ರಶ್ನೆಗಳು

1. ಶಿಕ್ಷೆಗೆ ಮುಂಚೆ ಪರೀಕ್ಷೆ ಯಾಕೆ ಬೇಕು?
2. ಸಂತೆಯ ದೃಷ್ಟಾಂತದಲ್ಲಿ ತಾಯಿ ಏನು ಕಲಿತಳು? ಮಗನು ಏನು ಕಲಿತನು?
3. ಹಟವು ಹೆಚ್ಚಿದ ಮೊದಲ ದಿನಗಳಲ್ಲಿ ಏನು ಮಾಡತಕ್ಕದ್ದು?
4. ನಮ್ಮ ಊರಿನಲ್ಲಿ ಬಾಗಿಲು ಹಾಕಿಕೊಂಡ ಇಂಥ ಮನೆಯುಂಟೋ? ಈ ವಾರ ಆ ಬಾಗಿಲನ್ನು ತಟ್ಟುವವರು ಯಾರು?