ಹಿಮಸಮುದ್ರದ ಅಂಬಿಗ

ಸಿಂಗಟಾಲೂರಿನ ಹುಡುಗನಿಗೆ ಜಲಯಾನದ ಭಯವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕೆನ್ನೀರನ್ನು ಹೊತ್ತು ಎರಡೂ ದಂಡೆ ತುಂಬಿ ಬರುವ ತುಂಗಭದ್ರೆಯನ್ನು ಇಲ್ಲಿಯ ಹಿರಿಯರು ಹರಿಗೋಲಿನಲ್ಲಿ ದಾಟಿದವರು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಆ ದುಂಡನೆಯ ದೋಣಿಗೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಅದಕ್ಕೆ ದಿಕ್ಕು ದೊರೆಯುವುದು ಅಂಬಿಗನ ಹುಟ್ಟಿನಿಂದ ಮಾತ್ರ. ಸುಳಿಯಲ್ಲಿ ಹರಿಗೋಲು ತಿರುಗತೊಡಗಿದಾಗ ಒಳಗೆ ಕುಳಿತವರು ನೀರನ್ನು ನೋಡುವುದಿಲ್ಲ, ಅಂಬಿಗನ ಮುಖವನ್ನು ನೋಡುತ್ತಾರೆ. ಅಂಬಿಗರ ಚೌಡಯ್ಯನಂಥ ಶರಣನ ಕಾಯಕವೂ ಇದೇ ಆಗಿದ್ದಿತು. ಈಗ ಹಮ್ಮಿಗಿಯ ಬಳಿ ಬ್ಯಾರೇಜು ಕಟ್ಟಿ ಹೊಳೆಯ ರೂಪವೇ ಬೇರೆಯಾಗಿದೆ. ಆದರೆ ದೋಣಿಯೊಳಗಿನವರು ಯಾರ ಮುಖವನ್ನು ನೋಡಬೇಕು, ಆ ಮುಖದಲ್ಲಿ ಏನು ಕಾಣಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಈ ಪ್ರಶ್ನೆಗೆ ಜಗತ್ತಿನ ಅತ್ಯಂತ ಶೀತಲವಾದ ಸಮುದ್ರದಲ್ಲಿ ಉತ್ತರವಿತ್ತವನು ಅರ್ನೆಸ್ಟ್ ಶ್ಯಾಕಲ್ಟನ್.

ದಕ್ಷಿಣ ಧ್ರುವಖಂಡವು ಭಾರತೀಯರಿಗೆ ಈಗ ಪರಕೀಯವಲ್ಲ. ೧೯೮೧ರ ಡಿಸೆಂಬರ್ ೬ರಂದು ನಮ್ಮ ನೆರೆಯ ಗೋವೆಯಿಂದಲೇ ಡಾ. ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ ೨೧ ಜನರ ತಂಡವು ಹಡಗೇರಿ, ೧೯೮೨ರ ಜನವರಿ ೯ರಂದು ಆ ಹಿಮಭೂಮಿಯ ಮೇಲೆ ಕಾಲಿರಿಸಿತು. ಅದಕ್ಕೆ ಎಪ್ಪತ್ತು ವರ್ಷಗಳಷ್ಟು ಹಿಂದೆ ಅಲ್ಲಿಗೆ ಹೋಗುವವರಿಗೆ ನಿಸ್ತಂತುವಿನ ಆಸರೆಯಾಗಲಿ, ವಿಮಾನದ ನೆರವಾಗಲಿ ಇರಲಿಲ್ಲ. ಹೋದವರು ತಾವಾಗಿಯೇ ಮರಳಿ ಬರಬೇಕಾಗಿದ್ದಿತು.

ಶ್ಯಾಕಲ್ಟನ್ನನು ೧೮೭೪ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವನು. ೧೯೦೯ರ ಜನವರಿಯಲ್ಲಿ ಆತನು ದಕ್ಷಿಣ ಧ್ರುವಕ್ಕೆ ಕೇವಲ ೯೭ ನಾಟಿಕಲ್ ಮೈಲಿಗಳಷ್ಟು ಸಮೀಪಕ್ಕೆ ಹೋಗಿ, ಮುಂದುವರಿದರೆ ಜೊತೆಗಾರರು ಬದುಕಲಾರರೆಂದು ಹಿಂದಿರುಗಿದನು. ಕೈಗೆಟುಕುವಂತಿದ್ದ ಕೀರ್ತಿಯನ್ನು ಬಿಟ್ಟು ಬರುವುದು ಸಾಮಾನ್ಯರ ಮಾತಲ್ಲ. ೧೯೧೧ರಲ್ಲಿ ನಾರ್ವೆಯ ಅಮುಂಡ್‌ಸೆನ್ನನು ಧ್ರುವವನ್ನು ಮುಟ್ಟಿದ ಮೇಲೆ, ಇಡೀ ಖಂಡವನ್ನು ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ಕಾಲ್ನಡಿಗೆಯಿಂದ ದಾಟುವ ಸಂಕಲ್ಪವನ್ನು ಶ್ಯಾಕಲ್ಟನ್ನನು ತೊಟ್ಟನು. 'ಎಂಡ್ಯೂರೆನ್ಸ್' ಎಂಬ ಹಡಗು ಸಿದ್ಧವಾಯಿತು. ಆ ಹೆಸರಿಗೆ ಸಹಿಷ್ಣುತೆ, ತಾಳ್ಮೆ ಎಂದು ಅರ್ಥ. ದಾನಿಗಳು ಮುಂದೆ ಬಂದರು. ಹಡಗಿನ ಮೂರು ಚಿಕ್ಕ ದೋಣಿಗಳಿಗೆ ಮೂವರು ದಾನಿಗಳ ಹೆಸರನ್ನೇ ಇಡಲಾಯಿತು. ಅವರಲ್ಲಿ ಒಬ್ಬನಾದ ಜೇಮ್ಸ್ ಕೇಯರ್ಡನು ಡಂಡೀ ನಗರದ ಸೆಣಬಿನ ವ್ಯಾಪಾರಿ. ಆ ನಗರದ ಗಿರಣಿಗಳಿಗೆ ಸೆಣಬು ಹೋಗುತ್ತಿದ್ದುದು ನಮ್ಮ ಬಂಗಾಳದಿಂದ. ದಾನದ ಮೂಲವು ಎಲ್ಲೆಲ್ಲಿಗೆ ಮುಟ್ಟುತ್ತದೆಯೋ ಬಲ್ಲವರಾರು!

೧೯೧೪ರ ಡಿಸೆಂಬರ್ ೫ರಂದು ಹಡಗು ಸೌತ್ ಜಾರ್ಜಿಯಾ ದ್ವೀಪವನ್ನು ಬಿಟ್ಟು ದಕ್ಷಿಣಕ್ಕೆ ಹೊರಟಿತು. ಆ ವರ್ಷ ಮಂಜುಗಡ್ಡೆ ಅತಿಯಾಗಿದೆಯೆಂದು ಅಲ್ಲಿಯ ತಿಮಿಂಗಿಲ ಬೇಟೆಗಾರರು ಎಚ್ಚರಿಸಿದ್ದರು. ಶ್ಯಾಕಲ್ಟನ್ನನು ಒಂದು ತಿಂಗಳು ಕಾದು, ಆಮೇಲೆ ಹೊರಟೇಬಿಟ್ಟನು. ಮುಂದೆ ಒದಗಿದ ವಿಪತ್ತಿನಲ್ಲಿ ಆತನ ಪಾಲೂ ಇದ್ದಿತೆಂಬುದನ್ನು ಮರೆಯಲಾಗದು. ೧೯೧೫ರ ಜನವರಿ ಮೂರನೆಯ ವಾರದಲ್ಲಿ ವೆಡೆಲ್ ಸಮುದ್ರದ ಹಿಮರಾಶಿಯು ಹಡಗನ್ನು ಸುತ್ತಲಿಂದಲೂ ಹಿಡಿದು ನಿಲ್ಲಿಸಿತು. ಇಳಿಯಬೇಕಾಗಿದ್ದ ದಡವು ಒಂದೇ ದಿನದ ಹಾದಿಯಷ್ಟು ದೂರದಲ್ಲಿದ್ದಿತು.

ಹಡಗಿನಲ್ಲಿದ್ದವರು ೨೮ ಜನ. ವಿಜ್ಞಾನಿಗಳು, ವೈದ್ಯರು, ನಾವಿಕರು, ಒಬ್ಬ ಬಡಿಗ, ಒಬ್ಬ ಚಿತ್ರಕಾರ, ಹಡಗಿನಲ್ಲಿ ಅಡಗಿ ಕುಳಿತು ಬಂದಿದ್ದ ಬ್ಲ್ಯಾಕ್‌ಬೊರೋ ಎಂಬ ತರುಣನೊಬ್ಬ. ಇಂಥವರನ್ನು ತಿಂಗಳುಗಟ್ಟಲೆ ಕತ್ತಲಲ್ಲಿ ಕೂಡಿಹಾಕಿದರೆ ಹಿಮಕ್ಕಿಂತ ಮೊದಲು ಜಗಳವೇ ಅವರನ್ನು ಕೊಲ್ಲುತ್ತದೆ. ನಾಯಕನು ಇದನ್ನು ಬಲ್ಲವನಾಗಿದ್ದನು. ನೆಲ ತೊಳೆಯುವ ಕೆಲಸ ವಿಜ್ಞಾನಿಗೂ ನಾವಿಕನಿಗೂ ಸರದಿಯ ಮೇಲೆ ಬರುತ್ತಿದ್ದಿತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಮಾತನ್ನು ಕೇಳಿ ಬೆಳೆದ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಿಮದ ಒತ್ತಡಕ್ಕೆ ಹಡಗು ಸೀಳಿ, ಅಕ್ಟೋಬರ್ ೨೭ರಂದು ಅದನ್ನು ತೊರೆಯಬೇಕಾಯಿತು. ನವೆಂಬರ್ ೨೧ರಂದು ಅದು ಮುಳುಗಿತು. ಖಂಡವನ್ನು ದಾಟುವ ಕನಸು ಅಲ್ಲಿಗೆ ಮುಗಿಯಿತು. ಹತ್ತಾರು ವರ್ಷ ಹೊತ್ತು ಬೆಳೆಸಿದ ಗುರಿ ಒಮ್ಮೆಲೆ ಇಲ್ಲವಾದಾಗ ಮನುಷ್ಯನು ಅದರ ಅವಶೇಷಕ್ಕೇ ಅಂಟಿಕೊಳ್ಳುವುದುಂಟು. ಶ್ಯಾಕಲ್ಟನ್ನನು ಹಾಗೆ ಮಾಡಲಿಲ್ಲ. ಇನ್ನು ಎಲ್ಲರನ್ನೂ ಜೀವಂತವಾಗಿ ಊರಿಗೆ ಮುಟ್ಟಿಸುವುದೇ ಗುರಿಯೆಂದು ಸಾರಿ, ಒಬ್ಬೊಬ್ಬನು ಸ್ವಂತದ ಸಾಮಾನನ್ನು ಎರಡು ಪೌಂಡಿಗಿಂತ ಹೆಚ್ಚು ಇಟ್ಟುಕೊಳ್ಳಕೂಡದೆಂದನು. ಮೊದಲು ತನ್ನ ಜೇಬಿನ ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಚೆಲ್ಲಿದನು. ಆದರೆ ಹಸ್ಸಿ ಎಂಬಾತನ ಬ್ಯಾಂಜೋ ವಾದ್ಯವನ್ನು ಮಾತ್ರ, ಅದರ ಭಾರ ಎಷ್ಟೇ ಇರಲಿ, ಬಿಡಲು ಒಪ್ಪಲಿಲ್ಲ. ಮನಸ್ಸಿಗೆ ಅದೇ ಔಷಧವೆಂಬುದು ಆತನ ವಾದ.

ಮಲಗುವ ಚೀಲಗಳಲ್ಲಿ ೧೮ ತುಪ್ಪುಳಿನವು, ೧೦ ಬರಿಯ ಉಣ್ಣೆಯವು. ಚೀಟಿ ಎತ್ತಲಾಯಿತು. ಆ ಚೀಟಿಯಲ್ಲಿ ಏನೋ ಮೋಸವಿದೆಯೆಂದು ನಾವಿಕರಿಗೆ ಅನುಮಾನ ಬಂದಿತು; ಏಕೆಂದರೆ ಬೆಚ್ಚನೆಯ ಚೀಲಗಳು ಸಾಮಾನ್ಯರ ಪಾಲಿಗೆ ಬಂದು, ನಾಯಕನಿಗೂ ಮುಖ್ಯ ಅಧಿಕಾರಿಗಳಿಗೂ ಉಣ್ಣೆಯವೇ ಬಂದಿದ್ದವು! ಅನ್ನದ ವಿಷಯದಲ್ಲಿಯೂ ಹೀಗೆಯೇ. ಪಾಲು ಮಾಡಿಟ್ಟ ತುಣುಕುಗಳಲ್ಲಿ ಒಂದನ್ನು ಒಬ್ಬನು ಬೊಟ್ಟಿಟ್ಟು 'ಇದು ಯಾರದು?' ಎನ್ನುವನು, ಬೆನ್ನು ತಿರುಗಿಸಿ ನಿಂತವನೊಬ್ಬನು ನೋಡದೆಯೇ ಒಂದು ಹೆಸರು ಹೇಳುವನು. ದೊಡ್ಡ ತುಣುಕು ಯಾರಿಗೆ ಹೋಯಿತೆಂದು ಯಾರೂ ಮುನಿಯುವಂತಿಲ್ಲ. ದಾಸೋಹದ ಸಾಲಿನಲ್ಲಿ ಪಂಕ್ತಿಭೇದ ಸಲ್ಲದೆಂಬ ನಿಯಮವನ್ನು ಧರ್ಮವೆಂದು ಎಣಿಸುವ ನಮಗೆ, ಆ ಹಿಮದ ಮೇಲೆ ಅದು ಪ್ರಾಣರಕ್ಷಣೆಯ ಉಪಾಯವೂ ಆಗಿದ್ದುದು ಯೋಚಿಸತಕ್ಕ ಸಂಗತಿ. ಹಸಿದವನು ಹಸಿವನ್ನು ತಾಳಿಯಾನು, ವಂಚನೆಯ ಸಂಶಯವನ್ನು ತಾಳಲಾರನು.

ಎಲ್ಲವೂ ಸೌಮನಸ್ಯದಿಂದಲೇ ನಡೆಯಿತೆಂದಲ್ಲ. ಡಿಸೆಂಬರ್ ಕೊನೆಯಲ್ಲಿ ಮೆಕ್‌ನಿಶ್ ಎಂಬ ಬಡಿಗನು, ಹಡಗು ಮುಳುಗಿದೊಡನೆ ಕರಾರೂ ಮುಳುಗಿತು, ಇನ್ನು ಯಾರ ಆಜ್ಞೆಯನ್ನೂ ಪಾಲಿಸಬೇಕಾದುದಿಲ್ಲವೆಂದು ಹಟ ಹಿಡಿದನು. ಆತನ ಪ್ರೀತಿಯ ಬೆಕ್ಕನ್ನು ನಾಯಕನು ಕೊಲ್ಲಿಸಿದ್ದನೆಂಬ ನೋವೂ ಒಳಗಿದ್ದಿತು. ಶ್ಯಾಕಲ್ಟನ್ನನು ಎಲ್ಲರೆದುರು ಕರಾರು ಪತ್ರವನ್ನು ಓದಿಸಿ ಅವನನ್ನು ಸುಮ್ಮನಾಗಿಸಿದನು. ಮುಂದೆ ೨೮ ಜನರ ಪ್ರಾಣ ಉಳಿದುದು ಈ ಬಡಿಗನ ಕೈಯಿಂದಲೇ ಎಂಬುದು ವಿಧಿಯ ವಿಚಿತ್ರ.

೧೯೧೬ರ ಏಪ್ರಿಲ್‌ನಲ್ಲಿ ಕಾಲಡಿಯ ಹಿಮವೇ ಬಿರಿದಾಗ ಅವರು ಮೂರು ದೋಣಿಗಳಲ್ಲಿ ಹೊರಟು, ಏಪ್ರಿಲ್ ೧೫ರಂದು ಎಲಿಫೆಂಟ್ ದ್ವೀಪವನ್ನು ಮುಟ್ಟಿದರು. ಗಟ್ಟಿ ನೆಲವನ್ನು ಮೆಟ್ಟಿ ಅವರಿಗೆ ಹದಿನಾರು ತಿಂಗಳು ಮೀರಿದ್ದವು. ಆದರೆ ಆ ಹಾದಿಯಲ್ಲಿ ಯಾವ ಹಡಗೂ ಸುಳಿಯುತ್ತಿರಲಿಲ್ಲ. ಸುಮಾರು ೮೦೦ ಮೈಲಿ ದೂರದ ಸೌತ್ ಜಾರ್ಜಿಯಾಕ್ಕೆ ಯಾರಾದರೂ ಹೋಗಿ ನೆರವು ತರಬೇಕು. ಇದ್ದುದು ೨೨ ಅಡಿಗಳಷ್ಟು ಉದ್ದದ, ಮೇಲ್ಮುಚ್ಚಿಗೆಯಿಲ್ಲದ 'ಜೇಮ್ಸ್ ಕೇಯರ್ಡ್' ದೋಣಿ. ಮೆಕ್‌ನಿಶ್ಶನು ಹಿಮಗಾಡಿಯ ಪಟ್ಟಿ, ಪೆಟ್ಟಿಗೆಯ ಮುಚ್ಚಳ, ಕ್ಯಾನ್ವಾಸ್ ಬಟ್ಟೆಗಳನ್ನು ಜೋಡಿಸಿ ಅದಕ್ಕೆ ಮೇಲ್ಮುಚ್ಚಿಗೆ ಮಾಡಿದನು. ದೀಪದ ಬತ್ತಿ, ಚಿತ್ರಕಾರನ ಎಣ್ಣೆಬಣ್ಣ, ಸೀಲ್ ಪ್ರಾಣಿಯ ರಕ್ತ ಇವುಗಳಿಂದ ಸಂದುಗಳನ್ನು ಮುಚ್ಚಿದನು.

ಏಪ್ರಿಲ್ ೨೪ರಂದು ಆರು ಜನ ಹೊರಟರು. ಅವರಲ್ಲಿ ಮೆಕ್‌ನಿಶ್ಶನೂ ಇದ್ದನು. ಅವನ ಕೌಶಲವೂ ಬೇಕಾಗಿದ್ದಿತು. ಗೊಣಗುವವನನ್ನು ಹಿಂದೆ ಉಳಿದವರ ನಡುವೆ ಬಿಡುವುದೂ ಹಿತವಾಗಿರಲಿಲ್ಲ. ನಾಲ್ಕು ವಾರಗಳಿಗಿಂತ ಹೆಚ್ಚಿನ ಆಹಾರವನ್ನು ಶ್ಯಾಕಲ್ಟನ್ನನು ಹೇರಗೊಡಲಿಲ್ಲ. ಅಷ್ಟರಲ್ಲಿ ದಡ ಸಿಗದಿದ್ದರೆ ಆಹಾರದ ಅಗತ್ಯವೇ ಉಳಿಯುತ್ತಿರಲಿಲ್ಲ. ದೋಣಿಯ ಮೇಲೆ ಹೆಪ್ಪುಗಟ್ಟಿದ ನೀರನ್ನು ತೆವಳುತ್ತ ಹೋಗಿ ಕಡಿದು ಹಾಕಬೇಕಾಗಿದ್ದಿತು. ದಾರಿ ತೋರುವ ಹೊಣೆ ಹೊತ್ತ ವರ್ಸ್‌ಲಿಗೆ ಇಡೀ ಯಾನದಲ್ಲಿ ಸೂರ್ಯನನ್ನು ಅಳೆಯಲು ಸಿಕ್ಕಿದ್ದು ನಾಲ್ಕೇ ಸಲ. ಉಳಿದುದೆಲ್ಲ ಲೆಕ್ಕ, ಊಹೆ. ಮೇ ೧೦ರಂದು ದೋಣಿ ದ್ವೀಪವನ್ನು ಸೇರಿತು. ಸೇರಿದ್ದು ಮಾತ್ರ ನಿರ್ಜನವಾದ ಆಚೆಯ ದಂಡೆ!

ನಡುವೆ ಯಾರೂ ದಾಟದ ಹಿಮಪರ್ವತಗಳು. ಶ್ಯಾಕಲ್ಟನ್, ವರ್ಸ್‌ಲಿ, ಕ್ರೀನ್ ಮೂವರು ಪಾದರಕ್ಷೆಯ ತಳಕ್ಕೆ ದೋಣಿಯ ತಿರುಪುಮೊಳೆಗಳನ್ನು ಹೊಡೆದುಕೊಂಡು ೩೬ ಗಂಟೆ ನಡೆದರು. ಒಂದೆಡೆ ದಣಿದ ಇಬ್ಬರೂ ಕುಳಿತಲ್ಲಿಯೇ ನಿದ್ರೆಹೋದರು. ಆ ಚಳಿಯಲ್ಲಿ ಮೂವರೂ ಮಲಗಿದರೆ ಏಳುವಂತಿಲ್ಲ. ಶ್ಯಾಕಲ್ಟನ್ನನು ಎಚ್ಚರಿದ್ದು, ಐದು ನಿಮಿಷಕ್ಕೇ ಅವರನ್ನು ಎಬ್ಬಿಸಿ, ಅರ್ಧ ಗಂಟೆ ಮಲಗಿದ್ದೀರಿ, ಇನ್ನು ನಡೆಯಿರಿ ಎಂದನು. ಅವರು ನಂಬಿ ನಡೆದರು. ಸುಳ್ಳು ಸಲ್ಲದೆಂದು ನಿತ್ಯ ಬೋಧಿಸುವ ಉಪಾಧ್ಯಾಯರಿಗೂ ಈ ಸುಳ್ಳನ್ನು ದೂಷಿಸಲು ನಾಲಿಗೆ ಏಳಲಾರದು. ಮೇ ೨೦ರಂದು ಅವರು ತಿಮಿಂಗಿಲ ಬೇಟೆಯ ನೆಲೆಯನ್ನು ಮುಟ್ಟಿದರು.

ಇತ್ತ ಎಲಿಫೆಂಟ್ ದ್ವೀಪದಲ್ಲಿ ೨೨ ಜನ, ಕಲ್ಲಿನ ಮೋಟುಗೋಡೆಯ ಮೇಲೆ ಎರಡು ದೋಣಿಗಳನ್ನು ಬೋರಲು ಹಾಕಿ ಅದರ ಕೆಳಗೆ ಬದುಕಿದ್ದರು. ಬ್ಲ್ಯಾಕ್‌ಬೊರೋನ ಚಳಿಯಿಂದ ಸತ್ತ ಕಾಲ್ಬೆರಳುಗಳನ್ನು ವೈದ್ಯರು ಅಲ್ಲಿಯೇ ಕತ್ತರಿಸಬೇಕಾಯಿತು. ಅವರ ಹೊಣೆ ಹೊತ್ತವನು ಫ್ರ್ಯಾಂಕ್ ವೈಲ್ಡ್. ಹೆಸರು ಗಳಿಸಿದವನು ಶ್ಯಾಕಲ್ಟನ್ನನಾದರೂ ಈತನ ಕೆಲಸ ಒಂದು ತೂಕ ಹೆಚ್ಚಿನದೆನ್ನಬೇಕು. ಹೋದವನಿಗೆ ದಾರಿಯಾದರೂ ಇದ್ದಿತು, ಉಳಿದವನಿಗೆ ಕಾಯುವುದೊಂದೇ. ದಿನವೂ ಬೆಳಿಗ್ಗೆ ವೈಲ್ಡನು, ನಾಯಕನು ಇಂದೇ ಬರಬಹುದು, ಹಾಸಿಗೆ ಸುತ್ತಿಡಿರೆಂದು ಹೇಳುತ್ತಿದ್ದನು. ಅವರು ಸುತ್ತಿಡುತ್ತಿದ್ದರು, ಸಂಜೆ ಮತ್ತೆ ಬಿಚ್ಚುತ್ತಿದ್ದರು. ನಾಲ್ಕು ತಿಂಗಳಿಗೂ ಮೇಲ್ಪಟ್ಟು ಇದು ನಡೆಯಿತು. ಮೂರು ಹಡಗುಗಳು ಹಿಮಕ್ಕೆ ಸೋತು ಹಿಂದಿರುಗಿದ ಮೇಲೆ, ನಾಲ್ಕನೆಯದಾಗಿ ಚಿಲಿ ದೇಶದ 'ಯೆಲ್ಚೊ' ಎಂಬ ಚಿಕ್ಕ ಹಡಗು, ಲೂಯಿಸ್ ಪಾರ್ಡೊ ಎಂಬವನ ನಾಯಕತ್ವದಲ್ಲಿ, ಆಗಸ್ಟ್ ೩೦ರಂದು ದ್ವೀಪದ ಬಳಿಗೆ ಬಂದಿತು. ದಡದ ಮೇಲಿನ ತಲೆಗಳನ್ನು ಶ್ಯಾಕಲ್ಟನ್ನನು ಎಣಿಸಿದನು. ೨೨. ಒಂದು ಗಂಟೆಯೊಳಗಾಗಿ ಎಲ್ಲರೂ ಹಡಗೇರಿದ್ದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅದು ಪೂರ್ಣಸತ್ಯವಾಗದು. ಖಂಡದ ಇನ್ನೊಂದು ಪಕ್ಕದ ರಾಸ್ ಸಮುದ್ರದಲ್ಲಿ ಶ್ಯಾಕಲ್ಟನ್ನನಿಗಾಗಿ ಹಾದಿಯುದ್ದಕ್ಕೂ ಆಹಾರವನ್ನು ಇಡಲು ಹೋದ ತಂಡವೊಂದಿದ್ದಿತು. ಹಡಗು ಬಿರುಗಾಳಿಗೆ ಕೊಚ್ಚಿಹೋಗಿ ಹತ್ತು ಜನ ದಡದಲ್ಲಿ ಉಳಿದರು. ಎಂದೂ ಬಾರದವನಿಗಾಗಿ ಅವರು ಬುತ್ತಿಯನ್ನು ಇಟ್ಟೇ ಇಟ್ಟರು, ಮೂವರು ಸತ್ತರು. ೧೯೧೭ರ ಜನವರಿಯಲ್ಲಿ ಶ್ಯಾಕಲ್ಟನ್ನನು ಅಲ್ಲಿಗೂ ಹೋಗಿ ಉಳಿದ ಏಳು ಜನರನ್ನು ಕರೆತಂದನು. ಇನ್ನು ಧ್ರುವಪದಕಗಳನ್ನು ಹಂಚಿದಾಗ ಮೆಕ್‌ನಿಶ್ಶನಿಗೆ ಅದು ದೊರೆಯಲಿಲ್ಲ. ಅನ್ನವನ್ನು ಅಷ್ಟು ಸಮನಾಗಿ ಹಂಚಿದವನು ಮಾನವನ್ನು ಹಂಚುವಾಗ ಪಂಕ್ತಿಭೇದ ಮಾಡಿದನು. ಒಂದು ಹಳೆಯ ಅವಿಧೇಯತೆಯನ್ನು ಆತನಿಂದ ಮರೆಯಲಾಗಲಿಲ್ಲ.

ಶ್ಯಾಕಲ್ಟನ್ನನು ೧೯೨೨ರ ಜನವರಿ ೫ರಂದು ಸೌತ್ ಜಾರ್ಜಿಯಾದಲ್ಲಿಯೇ ತೀರಿಕೊಂಡು ಅಲ್ಲಿಯೇ ಮಣ್ಣಾದನು. ಮುಳುಗಿದ ಹಡಗು ೨೦೨೨ರ ಮಾರ್ಚ್‌ನಲ್ಲಿ, ೩೦೦೮ ಮೀಟರ್ ಆಳದಲ್ಲಿ, ಹಿಂಬದಿಯ ಹೆಸರಿನ ಅಕ್ಷರಗಳು ಇನ್ನೂ ಓದಲು ಬರುವಂತೆ ಪತ್ತೆಯಾಯಿತು. ಮೆಕ್‌ನಿಶ್ಶನು ಮುಚ್ಚಿಗೆ ಹಾಕಿದ ದೋಣಿಯನ್ನು ಶ್ಯಾಕಲ್ಟನ್ನನ ಸಹಪಾಠಿಯೂ ದಾನಿಯೂ ಆದ ಜಾನ್ ರೋವೆಟ್ಟನು ೧೯೨೨ರಲ್ಲಿ ತಾವಿಬ್ಬರೂ ಕಲಿತ ಶಾಲೆಗೆ ಕೊಟ್ಟನು. ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಅದನ್ನು ವಿದ್ಯಾರ್ಥಿಗಳು ಇಂದಿಗೂ ನೋಡುತ್ತಾರೆ.