ಕಣ್ಣಿನ ಒಳಪರದೆಯ ಚಿತ್ರ: ರೋಗವೋ, ಚಿತ್ರದ ದೋಷವೋ?

ಸಕ್ಕರೆ ಕಾಯಿಲೆಯು ಕಣ್ಣಿನ ಒಳಪರದೆಯ ಸಣ್ಣ ರಕ್ತನಾಳಗಳನ್ನು ಕೆಡಿಸಬಲ್ಲದು. ಮೊದಮೊದಲು ನೋಟದಲ್ಲಿ ಯಾವ ಕೊರತೆಯೂ ತೋರದು. ಆದುದರಿಂದ ಈ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆ ಒಳಪರದೆಯ ಪರೀಕ್ಷೆ ಮಾಡಿಸಬೇಕು. ಇದಕ್ಕಾಗಿ ಕ್ಯಾಮರಾದಿಂದ ಚಿತ್ರ ತೆಗೆಯುವುದುಂಟು. ಆದರೆ ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ಸಾಮಾನ್ಯ ದೋಷಗಳು ಇವು:

1. ಕ್ಯಾಮರಾದ ಗಾಜಿಗೆ ಧೂಳು ಅಂಟಿದರೆ ಚುಕ್ಕೆ ಬೀಳುತ್ತದೆ. ಅದು ಎಲ್ಲರ ಚಿತ್ರದಲ್ಲಿಯೂ ಒಂದೇ ಜಾಗದಲ್ಲಿ ಬಂದರೆ ಯಂತ್ರದ್ದು, ಕಣ್ಣಿನದಲ್ಲ.

2. ರೆಪ್ಪೆ ಅರ್ಧ ಮುಚ್ಚಿದರೆ ರೆಪ್ಪೆಗೂದಲು ಅಡ್ಡಬಂದು ಒಂದು ಭಾಗ ಮರೆಯಾಗುತ್ತದೆ.

3. ಕಣ್ಣು ಅಲುಗಿದರೆ ರಕ್ತನಾಳದ ಗೆರೆಗಳು ಕಲಸಿಹೋಗುತ್ತವೆ.

4. ಪಾಪೆ ಕಿರಿದಾಗಿದ್ದರೆ ಚಿತ್ರದ ಅಂಚು ಕಪ್ಪಾಗುತ್ತದೆ. ಪೊರೆ ಬಂದಿದ್ದರೆ ಇಡೀ ಚಿತ್ರ ಮಂಜು ಕವಿದಂತಿರುತ್ತದೆ.

ಚಿತ್ರ ಮಸುಕಾದರೆ ರೋಗವಿಲ್ಲವೆಂದು ಅರ್ಥವಲ್ಲ, ನೋಡಲಾಗಲಿಲ್ಲವೆಂದು ಅರ್ಥ. ಮಂಜು ಕವಿದ ಹೊಲವನ್ನು ಬದುವಿನಿಂದ ನೋಡಿ, ಪೈರಿಗೆ ಹುಳು ಬಿದ್ದಿಲ್ಲವೆಂದು ಹೇಳಲಾದೀತೆ?

ನೀವು ಮಾಡಬೇಕಾದುದು ಇಷ್ಟು. ಗದ್ದವನ್ನು ಆಸರೆಯ ಮೇಲಿಟ್ಟು ಹಣೆಯನ್ನು ಪಟ್ಟಿಗೆ ಒತ್ತಿರಿ. ಒಮ್ಮೆ ರೆಪ್ಪೆ ಮಿಟುಕಿಸಿ, ಬಳಿಕ ಕಣ್ಣನ್ನು ಅಗಲವಾಗಿ ತೆರೆದು ತೋರಿಸಿದ ಬೆಳಕನ್ನೇ ನೋಡಿರಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆಗಳ ಕಾಲ ನೋಟ ಮಸುಕಾಗಿರುತ್ತದೆ. ಆಗ ಗಾಡಿ ಓಡಿಸಬಾರದು. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಚಿತ್ರ ಸ್ಪಷ್ಟವಾಗಿದೆಯೇ ಎಂದು ಕೇಳಿ ತಿಳಿಯಿರಿ. ಇಲ್ಲವೆಂದರೆ ಮತ್ತೊಮ್ಮೆ ತೆಗೆಸಿರಿ. ಆಗಲೂ ಸರಿಬಾರದಿದ್ದರೆ ತಡಮಾಡದೆ ಕಣ್ಣಿನ ವೈದ್ಯರನ್ನೇ ಕಾಣಿರಿ. ಹೋದ ದೃಷ್ಟಿಯನ್ನು ಮರಳಿ ತರುವುದು ಕಷ್ಟ. ಇರುವುದನ್ನು ಕಾಯುವುದು ಸುಲಭ.