ಕಿಡಿ ಎತ್ತ ಹಾರುತ್ತಿದೆ? ಕೈ ಪ್ಲಾಸ್ಮಾ ಟಾರ್ಚ್ ಕುರಿತ ಒಂದು ಅಭ್ಯಾಸ ಪಾಠ

ಹಿನ್ನೆಲೆ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಾಟಿ ಇಳಿದರೆ, ಕೇರಳದ ಗಡಿಗೆ ಮುನ್ನ ಸಿಗುವುದು ಮಾಕುಟ್ಟ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಆ ಭಾಗದ ಒಂಬತ್ತನೆಯ ತರಗತಿಯ 18 ಮಕ್ಕಳಿಗೆ ಕಾರ್ಯಾನುಭವದ ಎರಡು ಪೀರಿಯಡ್ ಪಾಠ ಮಾಡಿದೆ. ಪದವಿ ಓದುವ ಮೊದಲು ಐ.ಟಿ.ಐ.ನಲ್ಲಿ ವೆಲ್ಡರ್ ತರಬೇತಿ ಪಡೆದು ಗೇಟು, ಗ್ರಿಲ್ ಕೆಲಸ ಮಾಡಿದ್ದರಿಂದ ಈ ವಿಷಯವನ್ನು ಆರಿಸಿಕೊಂಡೆ.

ಉದ್ದೇಶಗಳು ಮೂರು: ಪ್ಲಾಸ್ಮಾ ಲೋಹವನ್ನು ಹೇಗೆ ಕತ್ತರಿಸುತ್ತದೆಂದು ವಿವರಿಸುವುದು, ಕಿಡಿ ಮತ್ತು ಕಿಟ್ಟ ನೋಡಿ ವೇಗ ಸರಿಯೇ ಎಂದು ಗುರುತಿಸುವುದು, ಸುರಕ್ಷತಾ ಕ್ರಮಗಳನ್ನು ಕಾರಣಸಹಿತ ಹೇಳುವುದು. ಟಾರ್ಚ್ ಉರಿಸುವುದು ನಾನು ಮಾತ್ರ. ಮಕ್ಕಳ ಅಭ್ಯಾಸ ಪ್ಲಗ್ ಕಿತ್ತ ಯಂತ್ರದಲ್ಲಿ ಎಂದು ಮಾರ್ಗದರ್ಶಕರೊಂದಿಗೆ ಮೊದಲೇ ತೀರ್ಮಾನಿಸಿದ್ದೆ.

ಪೀಠಿಕೆ

“ಕಬ್ಬಿಣ ಕತ್ತರಿಸುವುದನ್ನು ಯಾರು ನೋಡಿದ್ದೀರಿ?” ಎಂದೆ. ಗ್ರೈಂಡರ್, ಗ್ಯಾಸ್ ಕಟಿಂಗ್ ಎಂಬ ಉತ್ತರ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ, “ಪ್ಲಾಸ್ಮಾ ಸರ್, ಮಾವನ ಶೆಡ್ಡಲ್ಲಿದೆ” ಎಂದ. ನನಗೆ ಖುಷಿಯಾಯಿತು, ಆದರೆ ಮುಂದೆ ಏನನ್ನೂ ಕೇಳದೆ ಪಾಠ ಯೋಜನೆಯಂತೆ ಸಾಗಿದೆ. ಅದು ನನ್ನ ಮೊದಲ ತಪ್ಪು.

ವಿವರಣೆ

ಗ್ಯಾಸ್ ಕಟಿಂಗ್‌ನಲ್ಲಿ ಕಾದ ಕಬ್ಬಿಣ ಆಮ್ಲಜನಕದಲ್ಲಿ ಉರಿದುಹೋಗುತ್ತದೆ. ಅಲ್ಯೂಮಿನಿಯಂಗೆ ಈ ಉಪಾಯ ನಡೆಯದು: ಲೋಹ 660 ಡಿಗ್ರಿಯಲ್ಲಿ ಕರಗಿದರೂ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗೂ ಹೆಚ್ಚು ಬೇಕು. ಪ್ಲಾಸ್ಮಾ ಉರಿಸುವುದಿಲ್ಲ, ಕರಗಿಸಿ ಊದುತ್ತದೆ. ನಾಝಲ್‌ನ ಸಣ್ಣ ರಂಧ್ರದಲ್ಲಿ ಹಾಯುವ ಗಾಳಿಯ ಮೂಲಕ ವಿದ್ಯುತ್ ಹರಿದಾಗ ಗಾಳಿಯೇ ಪ್ಲಾಸ್ಮಾ ಆಗುತ್ತದೆ. ಆದ್ದರಿಂದ ವಿದ್ಯುತ್ ಹರಿಯುವ ಯಾವ ಲೋಹವನ್ನಾದರೂ ಕತ್ತರಿಸಬಹುದು. ವಿದ್ಯುನ್ಮಂಡಲ ಪೂರ್ಣವಾಗಲು ಅರ್ಥ್ ಕ್ಲಾಂಪ್ ಬಣ್ಣ, ತುಕ್ಕು ಇಲ್ಲದ ಜಾಗದಲ್ಲಿ ಕಚ್ಚಬೇಕು. ‘ತುಕ್ಕು’ ಎಂದಾಗ ಕೆಲವರಿಗೆ ತಿಳಿಯಲಿಲ್ಲ. ಒಬ್ಬಳು “ತುರುಂಬು” ಎಂದು ಮಲಯಾಳದಲ್ಲಿ ಹೇಳಿದ ಮೇಲೆ ಎಲ್ಲರೂ ತಲೆಯಾಡಿಸಿದರು.

ಪ್ರಾತ್ಯಕ್ಷಿಕೆ

ಹತ್ತಿರದ ಶೆಡ್ಡಿನಲ್ಲಿ 6 ಮಿ.ಮೀ. ಎಂ.ಎಸ್. ಪ್ಲೇಟು, 40 ಆಂಪಿಯರ್ ಯಂತ್ರ. ಆರಾರು ಮಕ್ಕಳ ತಂಡ, ಕೈಯಲ್ಲಿ ವೆಲ್ಡಿಂಗ್ ಪರದೆ, ದೂರದಲ್ಲಿ ಸೀಮೆಸುಣ್ಣದ ಗೆರೆ. ಹೆಜ್ಜೆಗಳನ್ನು ಹೇಳುತ್ತಾ ಮಾಡಿದೆ:

1. ಟಾರ್ಚ್ ಪ್ಲೇಟಿಗೆ ನೇರವಾಗಿ, ನಾಝಲ್‌ನ ನಡು ಅಂಚಿನ ಮೇಲೆ. ಕಿಡಿ ಅಡಿಯಿಂದ ಹೊರಬರುವವರೆಗೆ ಕಾಯಬೇಕು, ಆಮೇಲೆ ಚಲನೆ.
2. ಟಾರ್ಚನ್ನು ದೂಡುವುದಕ್ಕಿಂತ ತನ್ನತ್ತ ಎಳೆಯುವುದು ಸುಲಭ. ಇನ್ನೊಂದು ಕೈ ಆಸರೆಯಾಗಿರಲಿ.
3. ನಡುವೆ ತೂತು ಮಾಡಬೇಕಾದರೆ ಮೊದಲು ಟಾರ್ಚ್ ಓರೆ ಹಿಡಿದು, ಕಿಡಿ ಆಚೆ ಹಾರುವಂತೆ ಮಾಡಿ, ನಿಧಾನವಾಗಿ ನೇರಕ್ಕೆ ತರಬೇಕು.
4. ಬಟನ್ ಬಿಟ್ಟ ಮೇಲೂ ಗಾಳಿ ಹರಿಯುತ್ತದೆ. ಅದು ಟಾರ್ಚನ್ನು ತಣಿಸಲು. ಆಗ ಸ್ವಿಚ್ ಆರಿಸಬಾರದು.

ವೇಗಕ್ಕೆ ಸಾಕ್ಷಿ ಅಡಿಯ ಕಿಡಿ. ಸರಿ ವೇಗದಲ್ಲಿ ಅದು ತುಸು ಹಿಂದಕ್ಕೆ, ಸುಮಾರು 15–20 ಡಿಗ್ರಿ ಓರೆಯಾಗಿ ಬೀಳುತ್ತದೆ. ತೀರಾ ನಿಧಾನವಾದರೆ ನೇರ ಕೆಳಕ್ಕೆ ಬಿದ್ದು, ಅಂಚಿನಲ್ಲಿ ದಪ್ಪ ಕಿಟ್ಟ ಕಟ್ಟುತ್ತದೆ. ಅದು ಸುಲಭವಾಗಿ ಉದುರುತ್ತದೆ. ತೀರಾ ವೇಗವಾದರೆ ತೆಳುವಾದ, ಗಟ್ಟಿಯಾಗಿ ಅಂಟುವ ಕಿಟ್ಟ; ಇನ್ನೂ ವೇಗವಾದರೆ ಪ್ಲೇಟು ಪೂರ್ತಿ ತುಂಡಾಗದೆ ಕಿಡಿ ಮೇಲಕ್ಕೇ ಚಿಮ್ಮುತ್ತದೆ.

ಎದುರಾದ ತೊಡಕು

ಎರಡನೆಯ ತಂಡದ ಮುಂದೆ ಟಾರ್ಚ್ ಪಟಪಟ ಎಂದಿತು, ಕಿಡಿ ಮೇಲಕ್ಕೆ ಬಂತು. ವೇಗ ಕಡಿಮೆ ಮಾಡಿದೆ; ಸರಿಹೋಗಲಿಲ್ಲ. ಅದೇ ಹುಡುಗ ಗೆರೆಯ ಆಚೆಯಿಂದ, “ಸರ್, ಟ್ಯಾಂಕಿನ ನೀರು ಬಿಟ್ಟಿದ್ದೀರಾ?” ಎಂದ. ಬಿಟ್ಟಿರಲಿಲ್ಲ. ಮಳೆಗಾಲದ ಮಾಕುಟ್ಟದ ಗಾಳಿಯಲ್ಲಿ ತೇವಾಂಶ ವಿಪರೀತ. ಕಂಪ್ರೆಸರ್‌ನಲ್ಲಿ ಒತ್ತಿ ತಣಿದಾಗ ಅದು ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಆ ನೀರು ಗಾಳಿಯೊಂದಿಗೆ ಹೋದರೆ ಆರ್ಕ್ ತಡವರಿಸುತ್ತದೆ, ನಾಝಲ್ ಮತ್ತು ಎಲೆಕ್ಟ್ರೋಡ್ ಬೇಗ ಸವೆಯುತ್ತವೆ. ಯಂತ್ರ ಆರಿಸಿ ತಳದ ವಾಲ್ವ್ ತೆರೆದಾಗ ಕೆಂಪು ನೀರು ಹರಿಯಿತು. ನಾಝಲ್ ಬಿಚ್ಚಿ ತೋರಿಸಿದೆ: ದುಂಡಗಿರಬೇಕಾದ ರಂಧ್ರ ಮೊಟ್ಟೆಯಾಕಾರವಾಗಿತ್ತು. ಹೊಸದು ಹಾಕಿದ ಮೇಲೆ ಕಟ್ ನೇರವಾಯಿತು.

ಹುಡುಗನನ್ನು ಎಲ್ಲರ ಮುಂದೆ ಹೊಗಳಿದೆ. ಪಾಠ ಮುಗಿದ ಮೇಲೆ, “ನೀನು ಟಾರ್ಚ್ ಹಿಡಿದಿದ್ದೀಯಾ?” ಎಂದು ಒಬ್ಬನನ್ನೇ ಕೇಳಿದೆ. “ರಜೆಯಲ್ಲಿ ಸರ್, ಕೂಲಿಂಗ್ ಗ್ಲಾಸ್ ಹಾಕ್ಕೊಂಡು. ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗಾಗ್ತದೆ. ಅದು ಮಾಮೂಲಿ.”

ಅದು ಮಾಮೂಲಿ ಅಲ್ಲ. ಆರ್ಕ್‌ನ ನೇರಳಾತೀತ ಕಿರಣದಿಂದ ಕಾರ್ನಿಯಾ ಸುಟ್ಟಾಗ ಹಾಗಾಗುತ್ತದೆ. ನೋವು ಕೆಲವು ಗಂಟೆಗಳ ನಂತರ ಬರುವುದರಿಂದ ಕಾರಣ ತಿಳಿಯುವುದಿಲ್ಲ. 40 ಆಂಪಿಯರ್‌ಗೆ ಕನಿಷ್ಠ 5ನೇ ಶೇಡ್‌ನ ಗಾಜು ಬೇಕು. ಬಿಸಿಲಿನ ಕನ್ನಡಕ ಸಾಲದು. ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಅವರೊಂದಿಗೆ ಹುಡುಗನ ಮನೆಗೆ ಹೋದೆ. “ನಾವೂ ಹೀಗೇ ಕಲಿತದ್ದು” ಎಂದರು ಮಾವ. ತಾಯಿ ಮಾತ್ರ, ಹತ್ತನೆಯದು ಮುಗಿಯುವವರೆಗೆ ಶೆಡ್ಡಿಗೆ ಕಳಿಸುವುದಿಲ್ಲ ಎಂದರು.

ಮೌಲ್ಯಮಾಪನ

ಮೂರು ತುಂಡುಗಳನ್ನು ಕೊಟ್ಟು, ಯಾವುದು ನಿಧಾನ, ಯಾವುದು ವೇಗ, ಯಾವುದು ಸರಿ ಎಂದು ಕೇಳಿದೆ. 14 ಮಕ್ಕಳು ಸರಿಯಾಗಿ ಗುರುತಿಸಿದರು. ಉಳಿದ ನಾಲ್ವರು ಮೇಲ್ಮೈ ಮಾತ್ರ ನೋಡಿದ್ದರು. ತುಂಡು ತಿರುವಿ ಅಡಿಯ ಕಿಟ್ಟ ಮುಟ್ಟಿದಾಗ ಅವರಿಗೂ ತಿಳಿಯಿತು.

ನಾನು ಕಲಿತದ್ದು

ಪೂರ್ವಜ್ಞಾನ ಪರೀಕ್ಷೆಯ ಪ್ರಶ್ನೆಯನ್ನು ಉತ್ತರ ಬಂದ ಕೂಡಲೇ ಮುಗಿಸಬಾರದು. “ನೋಡಿದ್ದೀಯಾ?” ಎಂದಾದ ಮೇಲೆ “ಮಾಡಿದ್ದೀಯಾ? ಆಮೇಲೆ ಏನಾಯಿತು?” ಎಂದೂ ಕೇಳಬೇಕಿತ್ತು. ಯಂತ್ರದ ವಿಷಯದಲ್ಲಿ ನನಗಿಂತ ಎಚ್ಚರವಾಗಿದ್ದ ಹುಡುಗ, ತನ್ನ ಕಣ್ಣಿನ ವಿಷಯದಲ್ಲಿ ತಪ್ಪನ್ನೇ ಪಾಠವಾಗಿ ಕಲಿತಿದ್ದ. ಪಾಠ ಯೋಜನೆಯ ಸುರಕ್ಷತೆಯ ಭಾಗವನ್ನು ಈಗ ಕೊನೆಯಿಂದ ತೆಗೆದು ಮೊದಲಿಗೆ ಇಟ್ಟಿದ್ದೇನೆ.